ನೀಲಕ್ಕನ ಮಣ್ಣಿಗೆ ಒಂಬತ್ತು ವರ್ಷ ತಡವಾಗಿ

ಹೋದ ತಿಂಗಳು ಕೊಪ್ಪಳದಲ್ಲಿ ನನಗೆ ಶಾಲು ಹೊದಿಸಿದರು. ಮಾತಾಡಿದವರೆಲ್ಲ ನಾನು ಕಲಾಸೇವೆ ಮಾಡಿದ್ದೇನೆ ಅಂದರು. ಮೈಕು ನನ್ನ ಕೈಗೆ ಬಂದಾಗ ನಾನು ಹೇಳಿದೆ: ‘ನಾನು ಸೇವಾ ಗೀವಾ ಮಾಡಿಲ್ರಿ, ದುಡಿದೀನಿ. ಹೊಲದಾಗ ಕಳೆ ತೆಗಿಯೋ ಹೆಣಮಗಳಿಗೆ ಭೂಸೇವಾ ಮಾಡ್ಯಾಳ ಅಂತ ಶಾಲು ಹೊದಸ್ತೀರೇನು?’ ಜನ ನಕ್ಕರು, ಸಂಘಟಕರು ನಗಲಿಲ್ಲ. ಕೆಳಗಿಳಿದ ಮೇಲೆ ನಾಟಕ ಕಲಿಯುತ್ತಿರುವ ನಾಲ್ಕೈದು ಹುಡುಗಿಯರು ಸುತ್ತ ನಿಂತು, ‘ಅಮ್ಮಾ, ಖರೇ ಹೆಂಗಿತ್ತು ಅನ್ನೂದು ಹೇಳ್ರಿ’ ಅಂದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಂದ ಪದಕಗಳ ಪಟ್ಟಿ ಬೇಕಾದವರು ಮನೆಗೆ ಬಂದು ಗೋಡೆ ನೋಡಿಕೊಂಡು ಹೋಗಲಿ. ಓದಿದ್ದು ನಾಲ್ಕನೇ ಇಯತ್ತೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತು ಮಾತ್ರ ತಿದ್ದಬೇಡಿ.

ನನ್ನ ಹೆಸರು ದುರಗವ್ವ. ಹೇಮಗುಡ್ಡದ ದೇವಿ ದುರಗಮ್ಮನ ಹೆಸರು ಅದು. ಹ್ಯಾಂಡ್‌ಬಿಲ್ಲಿನಲ್ಲಿ ಮಾತ್ರ ‘ಕುಮಾರಿ ಶೋಭಾ’. ಎರಡು ಮಕ್ಕಳಾದ ಮೇಲೂ ನಾನು ಕುಮಾರಿಯೇ. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕಿನಲ್ಲಿ ನಾಟಕ ಆಡದ ಊರಿರಲಿಲ್ಲ. ಸುಗ್ಗಿ ಮುಗಿಯುತ್ತಲೇ ಊರಿನ ಗಂಡಸರು ಹಾರ್ಮೋನಿಯಂ ಬಾರಿಸಿ ನಾಟಕ ಕಲಿಸುವ ಪೇಟಿ ಮಾಸ್ತರನ್ನು ಕರೆಸಿ ಎರಡು ತಿಂಗಳು ತಾಲೀಮು ಮಾಡುವರು. ಹೆಣ್ಣು ಪಾತ್ರಕ್ಕೆ ನಮ್ಮನ್ನು ಹೊರಗಿನಿಂದ ಕರೆಸುವರು. ನಾವು ನಾಟಕದ ದಿನ ಮಧ್ಯಾಹ್ನದ ಬಸ್ಸಿಗೆ ಇಳಿಯುವೆವು. ಎರಡು ತಿಂಗಳು ಒಂದು ಕಂಬದ ಮುಂದೆ ನಿಂತು ಪ್ರೀತಿಯ ಮಾತು ಉರುಹೊಡೆದ ನಾಯಕನಿಗೆ, ಕಂಬದ ಜಾಗದಲ್ಲಿ ನಿಜವಾದ ಹೆಣ್ಣು ನಿಂತ ಕೂಡಲೇ ಬಾಯಿ ಕಟ್ಟಿಹೋಗುತ್ತಿತ್ತು. ಅವನ ಮಾತನ್ನೂ ನಾವೇ ಪಿಸುಗುಟ್ಟಿ ಹೇಳಿಕೊಡಬೇಕು. ಇದು ಕೆಲಸ.

ನನ್ನನ್ನು ಈ ಕೆಲಸಕ್ಕೆ ತಂದವಳು ನೀಲಕ್ಕ. ಅವಳಿಗೆ ಆಗಲೇ ಐವತ್ತು ದಾಟಿತ್ತು. ಅತ್ತೆ, ತಾಯಿ, ಜಗಳಗಂಟಿ ಪಾತ್ರಗಳು ಅವಳವು. ಬಾಯಲ್ಲಿ ಸದಾ ಎಲೆ ಅಡಿಕೆ, ಬಗಲಲ್ಲಿ ಹಳೆ ಸೀರೆಗಳನ್ನು ಸೇರಿಸಿ ತಾನೇ ಹೊಲಿದ ಒಂದು ಕೌದಿ. ಯಾವ ಊರಿಗೆ ಹೋದರೂ ಆ ಕೌದಿ ಹಾಸಿಯೇ ಮಲಗುವಳು.

ಯಲಬುರ್ಗಾ ಕಡೆಯ ಒಂದು ಊರಿನಲ್ಲಿ ನಾನು ಮಾಡಿದ ಎಡವಟ್ಟು ಹೇಳಬೇಕು. ಆ ವಾರ ನನ್ನ ತಲೆಯಲ್ಲಿ ಮೂರು ನಾಟಕಗಳಿದ್ದವು. ಪರದೆ ಎದ್ದಿತು, ನಾನು ಓಡಿ ಬಂದು ‘ಅಯ್ಯೋ! ನನ್ನ ಪತಿಯನ್ನು ಕೊಂದ ಪಾಪಿ ಯಾರು?’ ಎಂದು ಚೀರಿದೆ. ಅದು ಬೇರೆ ನಾಟಕದ ಮಾತು. ಈ ನಾಟಕದಲ್ಲಿ ಗಂಡನ ಪಾತ್ರದ ಕಿರಾಣಿ ಅಂಗಡಿಯವನು ಪಕ್ಕದಲ್ಲೇ ನಿಂತಿದ್ದ. ಅವನು ಗಾಬರಿಯಾಗಿ, ‘ನಾ ಇನ್ನೂ ಅದೀನಲ್ಲ!’ ಅಂದುಬಿಟ್ಟ. ಜನ ಸಿಳ್ಳೆ ಹೊಡೆದರು. ನೀಲಕ್ಕನ ಪ್ರವೇಶ ಇನ್ನೂ ಎಷ್ಟೋ ದೂರವಿತ್ತು. ಆದರೂ ನುಗ್ಗಿ ಬಂದು ನನ್ನ ಕಿವಿ ಹಿಂಡಿ, ‘ಹಗಲೆಲ್ಲಾ ಮಲಗಿದ್ರ ಹಿಂಥವಾ ಕನಸು ಬೀಳತಾವ! ನಡಿ, ಗಂಡಗ ನೀರು ಕೊಡು’ ಅಂದಳು. ಜನ ಚಪ್ಪಾಳೆ ತಟ್ಟಿದರು. ನಾಟಕ ಬದುಕಿತು, ನಾನೂ ಬದುಕಿದೆ.

ಒಳಗೆ ಬಂದ ಮೇಲೆ ನೀಲಕ್ಕ ಬೈಯಲಿಲ್ಲ. ‘ದುರ್ಗಿ, ಮಾತು ತಪ್ಪಿದಾಗ ಕಂಬ ಆಗಿ ನಿಂದ್ರಬ್ಯಾಡ. ನಡಿಯಾಕ ಹತ್ತು. ನೀ ನಡಿತಿದ್ರ ಮಂದಿ ಮುಂದ ಏನೋ ಬರ್ತೈತಿ ಅಂತ ನೋಡ್ಕೋತ ಕುಂದರ್ತಾರ. ಅಷ್ಟೊತ್ತಿಗೆ ಮಾತು ತಾನ ಬರ್ತೈತಿ’ ಅಂದಳು. ಹುಡುಗಿಯರೇ, ಯಾವ ಶಿಬಿರದಲ್ಲೂ ಇದಕ್ಕಿಂತ ದೊಡ್ಡದನ್ನು ನಾನು ಕಲಿಯಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಕುಷ್ಟಗಿ ಕಡೆಯ ಒಂದು ಊರು. ಹೆಸರು ಬರೆಯುವುದಿಲ್ಲ, ಬರೆದರೆ ಈಗಿನ ಮಕ್ಕಳಿಗೆ ಅವಮಾನ. ಅಲ್ಲಿ ಎರಡು ದಿನ ಎರಡು ನಾಟಕ. ಮೊದಲ ನಾಟಕದಲ್ಲಿ ಊರಿನ ಗೌಡರು ತಾವೇ ಮೈಕಿಗೆ ಬಂದು, ‘ಅತ್ತಿ ಪಾತ್ರದ ನೀಲವ್ವಗ ನಮ್ಮ ಮನೆತನದ ವತಿಯಿಂದ ಸೀರಿ’ ಎಂದು ಹೇಳಿ ಸೀರೆ ಕೊಟ್ಟಿದ್ದರು. ಮರುದಿನ ಮಧ್ಯಾಹ್ನ, ನಾವು ಇಳಿದುಕೊಂಡಿದ್ದ ಶಾಲೆಯ ಕೋಣೆಯಲ್ಲಿ ನೀಲಕ್ಕ ‘ಎದಿ ಹಿಡಿದಂಗಾಗೈತಿ’ ಅಂದು ಕೌದಿಯ ಮೇಲೆ ಮಲಗಿದವಳು ಏಳಲಿಲ್ಲ. ಪೇಟಿ ಮಾಸ್ತರ ಮೌಲಾಸಾಬ ಗೌಡರ ಹತ್ತಿರ ಓಡಿದ. ಗೌಡರು ಬಂದು ಬಾಗಿಲಲ್ಲೇ ನಿಂತರು.

‘ಎಲ್ಲಿಯಾಕಿ, ಯಾವ ಮಂದಿಯಾಕಿ, ಗೊತ್ತಿಲ್ಲ ಗುರಿಯಿಲ್ಲ. ನಾಟಕದಾಕಿನ್ನ ನಮ್ಮ ರುದ್ರಭೂಮಿಯಾಗ ಇಡಾಕ ಬರಂಗಿಲ್ಲ. ಊರ ಸೀಮಿ ದಾಟಿಸ್ರಿ’ ಅಂದರು.

ಹಿಂದಿನ ದಿನ ಸೀರೆ ಕೊಡುವಾಗ ಯಾವ ಮಂದಿಯಾಕಿ ಎಂದು ಕೇಳಿರಲಿಲ್ಲ. ನಾನು ಅದನ್ನು ಅವತ್ತು ಹೇಳಲಿಲ್ಲ. ನನಗೆ ಆಗ ಇಪ್ಪತ್ತಮೂರು ವರ್ಷ.

ಯಮನಪ್ಪ ಎಂಬ ಒಬ್ಬ ಕೂಲಿಯವನು ಚಕ್ಕಡಿ ತಂದ. ಸೀಮೆಯಾಚೆಯ ಹಳ್ಳದ ದಂಡೆಯಲ್ಲಿ, ಒಂದು ಬನ್ನಿ ಗಿಡದ ಬುಡದಲ್ಲಿ ಅವನೇ ಕುಣಿ ತೋಡಿದ. ಅವನು, ಮೌಲಾಸಾಬ, ನಾನು. ಮಣ್ಣಿಗೆ ಬಂದವರು ಮೂರೇ ಜನ. ಕುಣಿಯೊಳಗೆ ಇಳಿಸುವಷ್ಟರಲ್ಲಿ ಊರಿನಿಂದ ಇಬ್ಬರು ಸೈಕಲ್ಲಿನಲ್ಲಿ ಬಂದು ನಿಂತರು. ‘ಬಾಯಿ, ಬಣ್ಣ ಹಚ್ಚೂ ಹೊತ್ತಾತು. ಹನ್ನೆರಡ ಹಳ್ಳಿ ಮಂದಿ ಕೂಡೈತಿ. ಗೌಡ್ರು ಈಗಿಂದೀಗ ಕರ್ಕೊಂಡ ಬಾ ಅಂದಾರ.’ ನಾನು ನೀಲಕ್ಕನ ಕಡೆ ನೋಡಿದೆ, ಅವರ ಕಡೆ ನೋಡಿದೆ. ಹೋದೆ. ಒಂದು ಹಿಡಿ ಮಣ್ಣು ಹಾಕದೆ ಎದ್ದು ಹೋದೆ.

ನಮ್ಮ ಕಡೆ ಮಣ್ಣಿಗೆ ಹೋದವರು ಹಗೆಯವರಾದರೂ ಒಂದು ಹಿಡಿ ಮಣ್ಣು ಹಾಕದೆ ತಿರುಗುವುದಿಲ್ಲ. ಹಾಕಿ ಬಂದವರು ಸ್ನಾನ ಮಾಡದೆ ಹೊಸ್ತಿಲು ತುಳಿಯುವುದಿಲ್ಲ. ನಾನು ಎರಡನ್ನೂ ಮಾಡಲಿಲ್ಲ. ಮುಖ ಮಾತ್ರ ತೊಳೆದು ಬಣ್ಣ ಹಚ್ಚಿಕೊಂಡೆ. ನೀಲಕ್ಕನ ಪಾತ್ರದ ಮಾತುಗಳನ್ನೂ ನಾನೇ ಸೇರಿಸಿ ಹೇಳಿದೆ, ಜನ ನಕ್ಕರು. ಆಮೇಲೆ ಮೌಲಾಸಾಬ, ‘ಬೇಟಿ, ನಿನ್ನ ಹೆಸರಲೆ ನಾ ಒಂದು ಹಿಡಿ ಮಿಟ್ಟಿ ಹಾಕೀನಿ, ಚಿಂತಿ ಮಾಡಬ್ಯಾಡ’ ಅಂದ. ನನ್ನ ಹೆಸರಲ್ಲಿ ಇನ್ನೊಬ್ಬರು ಊಟ ಮಾಡಿದರೆ ನನ್ನ ಹೊಟ್ಟೆ ತುಂಬುತ್ತದೆಯೇ? ಸತ್ತವರ ಹಾಸಿಗೆಯನ್ನು ಸೀಮೆಯಲ್ಲಿ ಎಸೆದು ಬರಬೇಕು. ನಾನು ನೀಲಕ್ಕನ ಕೌದಿಯನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ.

ಎಂಬತ್ತರ ದಶಕದಲ್ಲಿ ಪ್ರಭಾಕರ ಸರ್ ಕೊಪ್ಪಳಕ್ಕೆ ಬಂದರು. ಎಲ್ಲೋ ದೊಡ್ಡ ಊರಿನಲ್ಲಿ ನಾಟಕ ಓದಿ ಬಂದವರು, ಗಡ್ಡ, ಹೆಗಲಿಗೆ ಚೀಲ. ಶೇಂಗಾ ಖಾಲಿಯಾದ ಒಂದು ಗೋದಾಮಿನಲ್ಲಿ ಒಂಬತ್ತು ಜನರನ್ನು ಕೂಡಿಸಿದ್ದರು. ಹೆಣ್ಣು ಪಾತ್ರಕ್ಕೆ ಯಾರೂ ಸಿಗದೆ, ಮೌಲಾಸಾಬನ ಮೂಲಕ ನನಗೆ ಹೇಳಿಕಳಿಸಿದರು.

ಹೋದ ದಿನವೇ ಕೇಳಿದೆ: ‘ನನ್ನ ಪಾರ್ಟು ಕೊಡ್ರಿ ಸರ, ಓದ್ಕೋತೀನಿ.’

‘ಪಾರ್ಟು ಇಲ್ಲ ದುರಗಮ್ಮ. ಎಲ್ಲರೂ ಸೇರಿ ಆಡುತ್ತಾ ಆಡುತ್ತಾ ಹುಟ್ಟಿಸಬೇಕು.’

‘ಪಾರ್ಟಿಲ್ಲ, ಪರದೆ ಇಲ್ಲ, ಬಣ್ಣ ಇಲ್ಲ. ಮತ್ತ ನಾಟಕ ಅಂತ ಯಾಕ ಕರೀತೀರಿ ಇದಕ್ಕ? ಹರಟಿ ಅನ್ರಿ.’

ಮೌಲಾಸಾಬನ ಸಿಟ್ಟು ನನಗಿಂತ ದೊಡ್ಡದು. ಅವನ ಪೇಟಿಯೂ ಬೇಡವೆಂದು ಬಾರಿಸಲು ಕೈಗೆ ಚರ್ಮದ ಹಲಗೆ ಕೊಟ್ಟಿದ್ದರು. ಇಡೀ ದಿನ ಸುತ್ತ ಕೂತು ಉಸಿರಾಡುವುದು, ಒಬ್ಬರ ಹಿಂದೆ ಒಬ್ಬರು ನಡೆಯುವುದು, ಒಟ್ಟಿಗೆ ಗುನುಗುವುದು. ಬಸ್ ಕಂಡಕ್ಟರ್ ಬಸಣ್ಣ ಗರಡಿ ಆಳು. ಅವನು ಕಣ್ಣು ಮುಚ್ಚಿ ಉಸಿರಾಡುತ್ತಾ ಗೊರಕೆ ಹೊಡೆದ. ಅದಕ್ಕಿಂತ ದೊಡ್ಡ ಮಾತೆಂದರೆ ನಾಟಕ ಹಗಲಿನಲ್ಲಿ, ಬಯಲಿನಲ್ಲಿ. ಲೈಟಿನ ಕೆಳಗೆ ನಿಂತವರಿಗೆ ಎದುರಿನ ಜನ ಬರೀ ಕತ್ತಲು. ಹಗಲಿನಲ್ಲಿ ಒಬ್ಬೊಬ್ಬರ ಮುಖವೂ ಕಾಣುತ್ತದೆ, ಮತ್ತು ಅವರಿಗೆ ನಮ್ಮದು.

ಮೂರನೇ ದಿನ ಸರ್ ಕಥೆ ಹೇಳಿದರು. ಬಹಳ ಹಳೆಯ ಗ್ರೀಕ್ ದುರಂತ ನಾಟಕ. ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರು ಹೊಡೆದಾಡಿ ಇಬ್ಬರೂ ಸಾಯುತ್ತಾರೆ. ಹೊಸ ರಾಜ ಒಬ್ಬನಿಗೆ ಮರ್ಯಾದೆಯ ಮಣ್ಣು ಮಾಡಿಸುತ್ತಾನೆ. ಇನ್ನೊಬ್ಬನ ಹೆಣ ನಾಯಿನರಿ ತಿನ್ನಲಿ, ಮಣ್ಣು ಕೊಟ್ಟವರಿಗೆ ಸಾವೇ ಶಿಕ್ಷೆ ಎಂದು ಹುಕುಂ ಮಾಡುತ್ತಾನೆ. ಸತ್ತವನ ತಂಗಿ ಹುಕುಂ ಮೀರಿ ಹೋಗಿ ಮಣ್ಣು ಕೊಡುತ್ತಾಳೆ. ನಾನು ಕೇಳುತ್ತಾ ಕೇಳುತ್ತಾ ಎದ್ದು ಹೊರಗೆ ಹೋದೆ. ಮನೆಗೆ ಹೋಗಿ ಒಲೆ ಹಚ್ಚಲಿಲ್ಲ. ಆ ಹುಡುಗಿ ಹಾಕಿದ್ದಳು, ನಾನು ಹಾಕಿರಲಿಲ್ಲ. ಮರುದಿನ ಟ್ರಂಕು ತೆಗೆದು, ಹೆಣದ ಬದಲಿಗೆ ಸುತ್ತಿ ಇಡಲು ಆ ಕೌದಿ ತಂದೆ. ಮೌಲಾಸಾಬ ಅದನ್ನು ಗುರುತಿಸಿದ.

ಸರ್ ಮಣ್ಣು ಹಾಕುವ ದೃಶ್ಯವನ್ನು ಬಹಳ ಚಂದ ಮಾಡಿದ್ದರು. ಹಿತ್ತಾಳೆ ತಟ್ಟೆಯಲ್ಲಿ ಜರಡಿ ಹಿಡಿದ ಬಿಳಿ ಮಳಲು, ಊದಿನಕಡ್ಡಿ, ನಾನು ತಟ್ಟೆ ಎತ್ತಿ ಬೆರಳ ಸಂದಿಯಿಂದ ನಿಧಾನವಾಗಿ ಸುರಿಯಬೇಕು. ಎರಡು ದಿನ ಸುರಿದೆ. ಮೂರನೇ ದಿನ ತಟ್ಟೆ ಕೆಳಗಿಟ್ಟೆ.

‘ಮಣ್ಣು ಹಿಂಗ ಹಾಕೂದಿಲ್ರಿ ಸರ. ಇದು ರಂಗೋಲಿ ಹಾಕಿದಂಗ ಆತು. ನೀವು ಯಾರ ಮಣ್ಣಿಗೂ ಹೋಗಿಲ್ಲೇನು?’

ಸರ್ ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ಕೂತುಬಿಟ್ಟರು. ‘ಅಪ್ಪ ತೀರಿಕೊಂಡಾಗ ನಾನು ದೂರ ಓದುತ್ತಿದ್ದೆ. ಬರುವುದರೊಳಗೆ ಎಲ್ಲ ಮುಗಿದಿತ್ತು. ನಾನು ಮಣ್ಣು ಹಾಕಿಲ್ಲ, ದುರಗಮ್ಮ. ಹೇಗೆ ಹಾಕುತ್ತಾರೆ, ನೀವೇ ತೋರಿಸಿ’ ಅಂದರು. ನನ್ನ ಕಾಲದಲ್ಲಿ ಎಷ್ಟೋ ದೊಡ್ಡವರ ಕೈಕೆಳಗೆ ಕೆಲಸ ಮಾಡಿದ್ದೇನೆ. ತನಗೆ ಗೊತ್ತಿಲ್ಲ ಎಂದು ಹತ್ತು ಜನರ ಮುಂದೆ ಹೇಳಿದ ಮೇಲಿನವರು ಇವರೊಬ್ಬರೇ. ಅವತ್ತಿನಿಂದ ತಟ್ಟೆ ಹೋಯಿತು, ಊದಿನಕಡ್ಡಿ ಹೋಯಿತು. ಆಡುವ ಊರಿನ ಹೊಲದಿಂದಲೇ ಬುಟ್ಟಿ ತುಂಬ ಮಣ್ಣು ತರುವುದು, ಬಗ್ಗಿ ಹಿಡಿ ತುಂಬಿ ಹಾಕುವುದು, ನಮ್ಮ ಹೆಣ್ಣುಮಕ್ಕಳು ಹೆಣದ ಮುಂದೆ ಹಾಡಿಕೊಂಡು ಅಳುವ ಹಾಗೆ ಬಾಯಿಗೆ ಬಂದ ಮಾತು ಕಟ್ಟಿ ಅಳುವುದು. ಮೇಳದ ಗಂಡಸರೂ ಅಳಲು ಕಲಿತರು.

ಮೊದಲ ಆಟ ಗಂಗಾವತಿ ಕಡೆ, ಕಾಲುವೆ ನೀರಿನ ಊರಿನಲ್ಲಿ, ಒಕ್ಕಣೆಯ ಕಣದ ಮೇಲೆ. ಯಾರೂ ಎಣಿಸದ್ದು ಅಲ್ಲಿ ನಡೆಯಿತು. ನಾನು ಮಣ್ಣು ಹಾಕಿ ಎದ್ದೆ. ಈಗ ರಾಜನಾದ ಬಸಣ್ಣ ನನ್ನನ್ನು ಹಿಡಿಸಬೇಕು. ಅಷ್ಟರಲ್ಲಿ ಮುಂದೆ ಕೂತಿದ್ದ ಒಬ್ಬ ಮುದುಕಿ ಸೆರಗು ಸರಿಮಾಡಿಕೊಂಡು ಬಂದು ಬುಟ್ಟಿಯಿಂದ ಒಂದು ಹಿಡಿ ತಗೊಂಡು ಕೌದಿಯ ಮೇಲೆ ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಸಾಲು. ಮಣ್ಣು ನಡೆಯುವಲ್ಲಿ ಸುಮ್ಮನೆ ಕೂತು ನೋಡುವುದು ಅವರಿಂದ ಆಗಲಿಲ್ಲ.

ಬಸಣ್ಣ ಗಾಬರಿಯಾಗಿ, ‘ನಿಲ್ಲಿ! ಇದು ರಾಜಾಜ್ಞೆ!’ ಎಂದು ಗರ್ಜಿಸಿದ. ಮುದುಕಿ ಅವನ ಕಡೆ ತಿರುಗಿ, ‘ಯಾಕಲೇ ಮೂಳಾ, ನಿನಗ ಹಡದಾಕಿ ಇಲ್ಲೇನು?’ ಅಂದಳು. ಬಸಣ್ಣನ ಹತ್ತಿರ ಅದಕ್ಕೆ ರಾಜನ ಮಾತಿರಲಿಲ್ಲ. ತಲೆ ಕೆಳಗೆ ಹಾಕಿ ‘ಅದಾಳಬೇ’ ಅಂದ. ಪ್ರಭಾಕರ ಸರ್ ದೂರ ನಿಂತು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದರು. ನಾಟಕ ಕೆಟ್ಟಿತು ಅಂತ ಅಲ್ಲ, ಇದು ತನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಅಂತ.

ಆಟ ಮುಗಿಸಿ ಊಟಕ್ಕೆ ಕರೆದ ಮನೆಗೆ ಹೋದರೆ ಮನೆಯಾಕೆ ಬಾಗಿಲಲ್ಲಿ ಅಡ್ಡ ನಿಂತಳು. ‘ಮಣ್ಣಿಗೆ ಹೋಗಿ ಬಂದೀರಿ. ಮೊದಲ ಕಾಲುವ್ಯಾಗ ಮೈ ತೊಳಕೊಂಡ ಬರ್ರಿ.’ ಸರ್, ‘ಅಮ್ಮಾ, ಅದು ನಾಟಕ’ ಅಂದರು. ‘ನಾಟಕ ನಿಮಗ. ನಾ ಹಾಕಿದ್ದು ಖರೇ ಮಣ್ಣು’ ಅಂದಳು. ಅವಳ ಕೂದಲು ಆಗಲೇ ಒದ್ದೆಯಾಗಿತ್ತು. ಅಂದಿನಿಂದ ಯಾವ ಊರಲ್ಲಿ ಆಡಿದರೂ ಊಟಕ್ಕೆ ಮೊದಲು ಬಾವಿಯೋ ಹಳ್ಳವೋ ಹುಡುಕುವುದು ನಮ್ಮ ರೂಢಿಯಾಯಿತು. ಎಲ್ಲರೂ ಮೀಯುವರು. ನೀಲಕ್ಕನ ಮಣ್ಣಿನ ಸ್ನಾನ ಬಾಕಿಯಿದ್ದ ನಾನು ಮಾತ್ರ ಕೈಕಾಲು ತೊಳೆದು ಹೊರಗೆ ಕೂತು ಉಣ್ಣುವೆ. ಯಾಕೆ ಎಂದು ಕೇಳಿದವರಿಗೆ ನೆಗಡಿ ಅನ್ನುವೆ.

ಹಲವು ಆಟ ಆದ ಮೇಲೆ ಆ ಕುಷ್ಟಗಿ ಕಡೆಯ ಊರಿನಿಂದಲೇ ಕರೆ ಬಂತು. ಕರೆದವರು ಯುವಕ ಮಂಡಳದವರು, ಹಳೆಯದು ಅವರಿಗೆ ಗೊತ್ತಿರಲಿಲ್ಲ. ನಾವು ಇಳಿದ ಕೂಡಲೇ ಗೌಡರು ಬಂದರು. ಕೂದಲು ಬೆಳ್ಳಗಾಗಿತ್ತು, ದನಿ ಅದೇ. ಬಣ್ಣವಿಲ್ಲದ ನನ್ನ ಮುಖ ಅವರಿಗೆ ಗುರುತು ಸಿಗಲಿಲ್ಲ.

‘ಆಟ ಆಡ್ರಿ, ಅಡ್ಡಿಯಿಲ್ಲ. ಆದ್ರ ನಮ್ಮೂರಾಗ ಮಣ್ಣು ಹಾಕೂದು ಬ್ಯಾಡ. ಅಪಶಕುನ. ಒಂದು ಬುಟ್ಟಿ ಮಣ್ಣು ಎತ್ತಂಗಿಲ್ಲ.’

ಅವರು ಹೋದ ಮೇಲೆ ಸರ್ ನನ್ನ ಹತ್ತಿರ ಬಂದು, ‘ದುರಗಮ್ಮ, ಇದೊಂದು ಊರಲ್ಲಿ ಮಣ್ಣಿಲ್ಲದೆ, ಬರೀ ಕೈಯಲ್ಲಿ ಅಭಿನಯಿಸೋಣವೇ?’ ಅಂದರು.

‘ಈ ಊರಾಗ ನಾನು ಒಮ್ಮೆ ಬರೀ ಕೈಲೆ ಬಂದೀನ್ರಿ ಸರ. ಎರಡನೇ ಸಲ ಬರಂಗಿಲ್ಲ’ ಅಂದೆ. ಒಂಬತ್ತು ವರ್ಷ ಬಚ್ಚಿಟ್ಟದ್ದನ್ನೆಲ್ಲ ಹೇಳಿದೆ. ಬಸಣ್ಣ, ಉಳಿದವರು ಕೇಳುತ್ತಾ ನಿಂತರು. ಸರ್ ಕೌದಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. ‘ಪಾರ್ಟು ಇಲ್ಲ ಅಂತ ನಾನೇ ಹೇಳಿದ್ದೆನಲ್ಲ. ನೀವು ನಡೆದ ಕಡೆ ಮೇಳ ಬರುತ್ತದೆ’ ಅಂದರು.

ಚಾವಡಿಯ ಮುಂದೆ, ಬಿಸಿಲು ಇಳಿಯುವ ಹೊತ್ತಿಗೆ ಆಟ ಶುರುವಾಯಿತು. ಮುಂದಿನ ಕುರ್ಚಿಯಲ್ಲಿ ಗೌಡರು. ಕೆಂಪು ರುಮಾಲು ಸುತ್ತಿದ ರಾಜ ಬಸಣ್ಣ ಹುಕುಂ ಸಾರಿದ: ಮಣ್ಣು ಕೊಟ್ಟವರಿಗೆ ಮರಣ. ನನ್ನ ಸರದಿ ಬಂತು. ಬುಟ್ಟಿ ಖಾಲಿ. ಬಾಯಲ್ಲಿ ಒಂದು ಮಾತೂ ಇಲ್ಲ. ನೀಲಕ್ಕ ನೆನಪಾದಳು: ನಿಂದ್ರಬ್ಯಾಡ, ನಡಿ.

ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಡೆದೆ. ಜನರ ನಡುವೆ ಹಾದು, ಚಾವಡಿ ದಾಟಿ, ಓಣಿ ದಾಟಿ ಹಳ್ಳದ ದಾರಿ ಹಿಡಿದೆ. ಹಿಂದೆ ಮೌಲಾಸಾಬನ ಹಲಗೆ ಕೇಳಿಸಿತು, ನಮ್ಮ ಕಡೆ ಮಣ್ಣಿಗೆ ಹೋಗುವಾಗ ಬಾರಿಸುವ ಹಾಗೆ. ಮೇಳ ಬಂತು. ಮೇಳದ ಹಿಂದೆ ಹೆಂಗಸರು, ಗಂಡಸರು, ಇಡೀ ಊರು. ಕುರ್ಚಿಯಲ್ಲಿ ಒಬ್ಬರೇ ಕೂತು ಏನು ಮಾಡುತ್ತಾರೆ, ಗೌಡರೂ ಬಂದರು. ಬನ್ನಿ ಗಿಡ ಇನ್ನೂ ಇತ್ತು. ಅದರ ಬುಡದಲ್ಲಿ ಕೌದಿ ಇಟ್ಟೆ.

ಗೌಡರು ಏದುಸಿರು ಬಿಡುತ್ತಾ ಮುಂದೆ ಬಂದು, ‘ಏ ಬಾಯಿ, ಇದು ನಾಟಕದಾಗ ಐತೇನು?’ ಅಂದರು.

‘ಐತ್ರಿ ಗೌಡ್ರ. ಇಲ್ಲಿ ನೀಲವ್ವ ಅದಾಳ. ನೀವು ಮೈಕಿನ್ಯಾಗ ಹೆಸರು ಹೇಳಿ ಸೀರಿ ಕೊಟ್ಟ ನೀಲವ್ವ. ರಾಜಾನ ಪಾರ್ಟು ನಿಮ್ದು. ಮಣ್ಣು ಹಾಕಬ್ಯಾಡ ಅನ್ರಿ. ಒಮ್ಮೆ ಅಂದೀರಿ, ಮಾತು ಮರ್ತಿರಲಿಕ್ಕಿಲ್ಲ.’

ಆಗ ಬಸಣ್ಣ, ಯಾರೂ ಹೇಳಿಕೊಡದೆ, ತನ್ನ ತಲೆಯ ಕೆಂಪು ರುಮಾಲು ಬಿಚ್ಚಿ ಎರಡೂ ಕೈಯಲ್ಲಿ ಗೌಡರ ಮುಂದೆ ಹಿಡಿದ. ಗೌಡರು ಅದನ್ನು ಮುಟ್ಟಲಿಲ್ಲ. ಆ ಮುಖವನ್ನು ನಾನು ಹಗಲಿನ ಬೆಳಕಿನಲ್ಲಿ ಚೆನ್ನಾಗಿ ನೋಡಿದೆ.

ನಾನು ಬಗ್ಗಿ ಉಗುರಿನಿಂದ ನೆಲ ಕೆದರಿ ಒಂದು ಹಿಡಿ ಮಣ್ಣು ಹಾಕಿದೆ. ‘ಯಕ್ಕಾ, ತಡ ಆತು’ ಅಂದೆ. ಮುಂದಿನ ಮಾತು ಅಳುವಿನಲ್ಲಿ ಹೋಯಿತು. ಅಭಿನಯ ಅಂದುಕೊಂಡವರು ಅಂದುಕೊಳ್ಳಲಿ.

ಗುಂಪಿನಿಂದ ಮೊದಲು ಬಂದವನು ಯಮನಪ್ಪ, ಕೋಲು ಊರಿಕೊಂಡು. ‘ಕುಣಿ ನಾನ ತೋಡಿದ್ದೆ’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಮಣ್ಣು ಹಾಕಿದ. ಆಗ ಒಬ್ಬ ಹೆಂಗಸು ಎದೆ ಬಡಿದುಕೊಂಡಳು: ‘ಅಯ್ಯ ನಮ್ಮವ್ವಾ! ಆ ಅತ್ತಿ ಪಾತ್ರದಾಕಿ ಸತ್ತಾಳೇನು? ಮೈಯಾಗ ಆರಾಮಿಲ್ಲಂತ ಊರಿಗೆ ಹೋದ್ಲು ಅಂದಿದ್ರಲ್ಲ ನಮಗ!’ ಊರಿನ ಹೆಂಗಸರಿಗೆ ಯಾರೂ ಹೇಳಿರಲೇ ಇಲ್ಲ. ಅವರು ಗಂಡಂದಿರ ಮುಖ ನೋಡಿದರು, ಗಂಡಂದಿರು ನೆಲ ನೋಡಿದರು. ಆಮೇಲೆ ಒಬ್ಬೊಬ್ಬರೇ ಬಂದರು. ನೀಲಕ್ಕನ ಒಂದೊಂದು ಜಗಳದ ಮಾತು ನೆನೆಸಿ ಹಾಡಿಕೊಂಡು ಅತ್ತರು. ಕೌದಿ ಕಾಣದ ಹಾಗೆ ಮಣ್ಣು ಮುಚ್ಚಿತು. ಅದನ್ನು ಅಲ್ಲೇ ಬಿಟ್ಟೆ. ಗೌಡರು ಮಣ್ಣು ಹಾಕಲಿಲ್ಲ. ಎಲ್ಲರಿಗಿಂತ ಮೊದಲು ಊರ ಕಡೆ ನಡೆದರು.

ನಾನು ಹಳ್ಳಕ್ಕಿಳಿದು ತಲೆ ಮುಳುಗುವ ಹಾಗೆ ಸ್ನಾನ ಮಾಡಿದೆ. ಈ ಸಲ ನೆಗಡಿ ಅನ್ನಲಿಲ್ಲ.

ಊಟಕ್ಕೆ ಕೂತಾಗ ಯುವಕ ಮಂಡಳದ ಒಬ್ಬ ಓಡಿ ಬಂದ. ಗೌಡರ ಮನೆಯ ಅಂಗಳದಿಂದಲೇ ಬಂದಿದ್ದ. ‘ಯವ್ವಾ, ಗೌಡ್ರು ಹೊಸ್ತಿಲ ದಾಟ್ಲಿಲ್ರಿ. ಅಂಗಳದಾಗ ನಿಂತು ನೀರು ತರಸಿ, ಮೈಮ್ಯಾಲಿನ ಅರಬಿ ಸೈತ ಬಿಚ್ಚದನ, ಎರಡು ಕೊಡ ತಲಿ ಮ್ಯಾಲೆ ಹಾಕ್ಕೊಂಡು ಒಳಗ ಹೋದ್ರು.’

ಮೌಲಾಸಾಬ ರೊಟ್ಟಿ ಮುರಿಯುತ್ತಿದ್ದವನು ಕೈ ತಡೆದು ನನ್ನನ್ನು ನೋಡಿದ. ‘ಹಂಗಾರ ಮಣ್ಣಿಗೆ ಬಂದಿದ್ದೆ ಅಂತ ಗೌಡ್ರೂ ಒಪ್ಪಿಕೊಂಡ್ರು ಬಿಡು ಬೇಟಿ’ ಅಂದ. ನನ್ನ ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಒಳಗೆ, ಎಲ್ಲರ ಸಾಲಿನಲ್ಲಿ ಕೂತು ಉಂಡೆ.